ಫೋಟೋದಲ್ಲಿರುವ ಮಗು ಸುಮಾರಾಗಿದೆ

ಕಣ್ಣಿಗೆ ಕಂಡದ್ದನ್ನೆಲ್ಲ ಬಾಯಿಗೆ ತರಬಾರದು ಎಂಬುದು ನಾನು ಅಕ್ಷರ ಕಲಿಯುವುದಕ್ಕೆ ಮುಂಚೆ ಕಲಿತ ಪಾಠ. ಕೊರಟಗೆರೆಯ ನನ್ನ ತವರಿನಲ್ಲಿ ಅಜ್ಜಿ ಇದನ್ನು ಬೆತ್ತ ಹಿಡಿಯದೆ ಬರೀ ಕಣ್ಣಿನಲ್ಲೇ ಕಲಿಸಿದರು. ಯಾರದೋ ಮನೆಯ ತೊಟ್ಟಿಲಲ್ಲಿ ಗುಂಡುಗುಂಡಾಗಿ ಮಲಗಿದ ಮಗುವನ್ನು ಕಂಡು ನಾನು "ಅಜ್ಜೀ, ಎಷ್ಟು..." ಎಂದು ಬಾಯಿ ತೆರೆಯುವಷ್ಟರಲ್ಲಿ ಅವರು ಒಂದು ಸಲ ತಿರುಗಿ ನೋಡುತ್ತಿದ್ದರು. ನನ್ನ ಮಾತು ದಾರಿಯಲ್ಲೇ ತಿರುಗಿ "...ಎಷ್ಟು ಸೊಳ್ಳೆ ಇಲ್ಲಿ" ಎಂದು ಮುಗಿಯುತ್ತಿತ್ತು. ಮಗು ದುಂಡಗಿದೆ ಎನ್ನಬಾರದು, ದೃಷ್ಟಿಯಾಗುತ್ತದೆ. ಚೆನ್ನಾಗಿ ಉಂಡಿತು ಎಂದರೆ ರಾತ್ರಿಗೇ ಹೊಟ್ಟೆನೋವು. ಉಣ್ಣುತ್ತಿರುವವರ ತಟ್ಟೆಯ ಕಡೆ ನೋಡಲೇಬಾರದು. ಡಬ್ಬಿಯಲ್ಲಿ ಅಕ್ಕಿ ಮುಗಿದರೆ ಮುಗಿಯಿತು ಎನ್ನದೆ ತುಂಬಿದೆ ಎನ್ನಬೇಕು. ಹೊರಟವರು ಹೋಗುತ್ತೇನೆ ಎನ್ನದೆ ಬರುತ್ತೇನೆ ಎನ್ನಬೇಕು. ಹೀಗೆ ಕಂಡದ್ದಕ್ಕೂ ಆಡಿದ್ದಕ್ಕೂ ಸಂಬಂಧವಿಲ್ಲದಂತೆ ಬದುಕುವ ವಿದ್ಯೆಯನ್ನು ಪೂರ್ತಿಯಾಗಿ ಕಲಿತು ಮಧುಗಿರಿಗೆ ಸೊಸೆಯಾಗಿ ಬಂದೆ. ನನಗೆ ಸೊಸೆ ಬಂದಾಗ ಅವಳಿಗೂ ಅದನ್ನೇ ಹೇಳಿಕೊಟ್ಟೆ. ಶಿವನ ದಯೆ, ಇದುವರೆಗೆ ಅದರಿಂದ ಯಾರಿಗೂ ಕೇಡಾಗಿರಲಿಲ್ಲ. ಆದರೆ ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳು, ಅದನ್ನೂ ಇಂಗ್ಲಿಷಿನಲ್ಲಿ ಹೇಳು, ಹೇಳಿದರೆ ಮಾತ್ರ ಕೆಲಸ ಎನ್ನುವ ಪರೀಕ್ಷೆಯೊಂದು ನಮ್ಮ ಹೊಸಿಲು ದಾಟಿ ಒಳಗೆ ಬರುತ್ತದೆ ಎಂದು ಅಜ್ಜಿಗೆ ಹೇಗೆ ಗೊತ್ತಿರಬೇಕು?

ನನ್ನ ಸೊಸೆ ನಾಗವೇಣಿ ಪಾವಗಡದ ಕಡೆ ಬಲಸಮುದ್ರದವಳು. ಅವಳ ಅಪ್ಪನ ಹೊಲದಲ್ಲಿ ಈಗ ಕಡ್ಲೆಕಾಯಿ ಗಿಡದ ಬದಲು ಸೋಲಾರ್ ಹಲಗೆಗಳು ಸಾಲಾಗಿ ಬಿಸಿಲು ಕಾಯಿಸುತ್ತ ನಿಂತಿವೆ. ವಳ್ಳೂರಿನ ಹತ್ತಿರ ಅಂಥದೇ ಒಂದು ಕಂಪನಿಯ ಆಫೀಸಿನಲ್ಲಿ ಅವಳು ಹಂಗಾಮಿ ಕೆಲಸಕ್ಕೆ ಹೋಗುತ್ತಾಳೆ. ಬೆಳಿಗ್ಗೆ ಕಂಪನಿಯ ವ್ಯಾನು ಬರುತ್ತದೆ, ಸಂಜೆ ತಂದು ಬಿಡುತ್ತದೆ. ಹಲಗೆಗಳನ್ನು ನೋಡಲು ದೂರದೂರದಿಂದ ಬರುವವರನ್ನು ಕೂರಿಸಿ, ನೀರು ಕೊಟ್ಟು, ಸುತ್ತ ತೋರಿಸಿ ವಿವರ ಹೇಳುವುದು ಅವಳ ಕೆಲಸ. ಕೆಲಸ ಅವಳಿಗೆ ಎಷ್ಟು ಇಷ್ಟವೆಂದರೆ ಭಾನುವಾರ ಮನೆಗೆ ಬಂದ ನೆಂಟರನ್ನೂ ಹಿತ್ತಲಿಗೆ ಕರೆದುಕೊಂಡು ಹೋಗಿ ನೀರಿನ ತೊಟ್ಟಿಯನ್ನು ತೋರಿಸಿ ವಿವರ ಹೇಳುತ್ತಾಳೆ. ಈ ವರ್ಷ ಕಂಪನಿಯವರು, ಕಾಯಂ ಆಗಬೇಕಾದರೆ ಇಂಗ್ಲಿಷಿನ ಮೌಖಿಕ ಪರೀಕ್ಷೆ ಪಾಸಾಗಬೇಕು, ಎರಡೇ ಅವಕಾಶ, ಆಗದಿದ್ದರೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆ ಎಂದರು. ಮೊದಲ ಸಲ ಹೋಗಿ ಬಂದವಳು ಚಪ್ಪಲಿ ಬಿಡುವಾಗಲೇ ನನಗೆ ತಿಳಿದುಹೋಯಿತು.

"ಏನ್ ಕೇಳಿದ್ರೇ?" ಎಂದೆ.

"ಒಂದು ಫೋಟೋ ತೋರಿಸಿದ್ರು ಅತ್ತೆ. ಎರಡು ನಿಮಿಷ ಅದರ ಬಗ್ಗೇನೇ ಮಾತಾಡ್ಬೇಕಂತೆ. ಒಂದು ಕೂಸು ಹುಟ್ಟಿದಬ್ಬದ ಕೇಕು ತಿಂತಿತ್ತು."

"ನೀನೇನಂದೆ?"

"ಇದು ಟೇಬಲ್ಲು ಅಂದೆ. ಇದು ಕುರ್ಚಿ ಅಂದೆ. ಗೋಡೆಗೆ ನೀಲಿ ಬಣ್ಣ ಬಳಿದವ್ರೆ ಅಂದೆ. ಆ ಮೇಡಮ್ಮು, ಮಗು ಬಗ್ಗೆ ಹೇಳಮ್ಮ ಅಂದ್ರು. ದಿ ಬೇಬಿ ಈಸ್ ಓಕೆ ಅಂದೆ."

"ಓಕೆ ಅಂದ್ರೆ?"

"ಸುಮಾರಾಗೈತೆ ಅಂತ."

"ನಿಜಕ್ಕೂ ಹೆಂಗಿತ್ತು?"

ನಾಗವೇಣಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಬೆಣ್ಣೆ ಮುದ್ದೆ ಅಂಗಿತ್ತು ಅತ್ತೆ. ಎರಡು ಕೆನ್ನೆ ತುಂಬ ಕೇಕು ತುಂಬ್ಕಂಡಿತ್ತು. ತಿನ್ನೋ ಕೂಸನ್ನ ಎರಡು ನಿಮಿಷ ನೋಡ್ಕಂಡು ಹೆಂಗೆ ಮಾತಾಡ್ಲಿ? ಅಯ್ಯೋ ದೇವುಡಾ, ಯಾರ ಮನೆ ಕೂಸೋ ಏನೋ."

ಭೇಷ್ ಎನ್ನಬೇಕೋ ಅಯ್ಯೋ ಎನ್ನಬೇಕೋ ನನಗೆ ತಿಳಿಯಲಿಲ್ಲ. ಇಷ್ಟು ಚೆನ್ನಾಗಿ ಪಾಠ ಕಲಿತ ಸೊಸೆ ಈ ಬೀದಿಯಲ್ಲಿ ಇನ್ನೊಬ್ಬಳಿಲ್ಲ ಎಂದು ಒಂದು ಗಳಿಗೆ ಹೆಮ್ಮೆಯೇ ಆಯಿತು. ನಮ್ಮ ಯಜಮಾನರು ಪೂಜಾ ಸಾಮಾನಿನ ಅಂಗಡಿಯಿಂದ ಊಟಕ್ಕೆ ಬಂದವರು ಎಲ್ಲವನ್ನೂ ಕೇಳಿಸಿಕೊಂಡು ಕೈ ತೊಳೆಯುತ್ತ, "ಫೇಲಾಗಿದ್ದು ನೀನು ಕಣೆ. ಆ ಹುಡುಗಿ ಬರೀ ಹಾಲ್ ಟಿಕೆಟ್ ತಗಂಡು ಹೋಗಿತ್ತು" ಎಂದರು. ಆಮೇಲೆ ಏನೂ ಆಗದವರ ಹಾಗೆ ಕೂತು ಉಂಡರು. ನಾನು ಅವರ ತಟ್ಟೆಯ ಕಡೆ ನೋಡಲಿಲ್ಲ.

ಆದ್ದರಿಂದ ಎರಡನೆಯ ಪರೀಕ್ಷೆಗೆ ಅವಳನ್ನು ತಯಾರು ಮಾಡುವ ಭಾರ ನನ್ನ ಮೇಲೆ ಬಿತ್ತು. ನನ್ನ ಇಂಗ್ಲಿಷಿನ ಬಗ್ಗೆ ಹೇಳುವುದಾದರೆ, ಹಿಂದಿನ ಬೀದಿಯವರ ಪರಿಚಯ ಇದ್ದ ಹಾಗೆ: ಎದುರಿಗೆ ಬಂದರೆ ಮುಖ ಗುರುತು ಸಿಗುತ್ತದೆ, ಕರೆದು ಮಾತಾಡಿಸುವಷ್ಟು ಸಲಿಗೆಯಿಲ್ಲ. ಆದರೆ ಪರೀಕ್ಷೆ ಮಾಡುವವರಿಗೆ ಭಾಷೆ ಬರಬೇಕಾಗಿಲ್ಲ, ಮುಖ ಗಂಟುಹಾಕಿಕೊಂಡು ಕೂರಲು ಬಂದರೆ ಸಾಕು ಎಂದು ಮಗ ಹೇಳಿದ. ಶಿರಾದ ಕಡ್ಲೆಕಾಯಿ ಮಂಡಿಯಲ್ಲಿ ಕೆಲಸಕ್ಕಿರುವ ಅವನು ರಾತ್ರಿ ಮನೆ ಸೇರುವಷ್ಟರಲ್ಲಿ ಅವನ ಬಾಯಲ್ಲಿ ಕನ್ನಡವೂ ಉಳಿದಿರುವುದಿಲ್ಲ. ಹಾಗಾಗಿ ದಿನವೂ ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಅತ್ತೆ ಸೊಸೆ ಎದುರುಬದುರು ಕೂರುತ್ತಿದ್ದೆವು. ಮೊಬೈಲಿನಲ್ಲಿ ಎರಡು ನಿಮಿಷದ ಗಂಟೆ ಇಟ್ಟು ನಾನು ಒಂದು ಫೋಟೋ ಹಿಡಿಯುತ್ತಿದ್ದೆ.

ಮೊದಲ ದಿನ ಕೈಗೆ ಸಿಕ್ಕಿದ್ದು ನನ್ನ ತಮ್ಮನ ಮನೆಯ ಗೃಹಪ್ರವೇಶದ ಫೋಟೋ. ಅವಳು "ದಿಸ್ ಈಸ್ ಎ..." ಎಂದಳೋ ಇಲ್ಲವೋ, ನಾನು ಶುರುಮಾಡಿದೆ. ಈ ಹಸಿರು ಸೀರೆಯವಳು ನಮ್ಮ ಚಿಕ್ಕಪ್ಪನ ಸೊಸೆ, ತುಮಕೂರಿನವಳು, ಅವಳ ಪಕ್ಕದಲ್ಲಿ ಇರಬೇಕಾಗಿದ್ದ ಅವಳ ನಾದಿನಿ ಕೋಪ ಮಾಡಿಕೊಂಡು ಊಟಕ್ಕೆ ನಿಲ್ಲದೆ ಹೊರಟುಹೋದಳು, ಕೋಪ ಏಕೆಂದರೆ ಅರಿಶಿನ ಕುಂಕುಮಕ್ಕೆ ಮೊದಲು ಅವಳನ್ನು ಕರೆಯಲಿಲ್ಲ, ಕರೆಯದೆ ಇದ್ದುದಕ್ಕೆ ಕಾರಣ... ಗಂಟೆ ಬಾರಿಸಿ ಎಷ್ಟೋ ಹೊತ್ತಾಗಿತ್ತು. "ಅತ್ತೆ," ಎಂದಳು ನಾಗವೇಣಿ, "ನೀವು ಹೇಳಿದ್ದೆಲ್ಲ ಫೋಟೋದಾಗೆ ಇಲ್ಲದವರ ವಿಷ್ಯ. ಇರೋರು ಪಾಪ ಅವಾಗಿಂದ ಕೈಕಟ್ಕಂಡು ನಿಂತವ್ರೆ." ನೋಡಿದರೆ ನಿಜವೇ. ಫೋಟೋ ಎಂದರೆ ನಮಗೆ ನೆಪ ಮಾತ್ರ. ಅದರೊಳಗೆ ಏನಿದೆ ಎಂದು ನಾವು ಎಂದು ನೋಡಿದ್ದೇವೆ? ಅದು ಎಲ್ಲರಿಗೂ ಕಾಣುತ್ತದಲ್ಲ, ಅದನ್ನು ಹೇಳುವುದು ಎದುರಿಗಿರುವವರಿಗೆ ಕಣ್ಣಿಲ್ಲ ಎಂದ ಹಾಗೆ.

ಎರಡನೆಯ ದಿನ ಪತ್ರಿಕೆಯಿಂದ ಒಂದು ಅಡಿಗೆಮನೆಯ ಚಿತ್ರ ಕತ್ತರಿಸಿ ಇಟ್ಟಿದ್ದೆ. ಕಪಾಟಿನಲ್ಲಿ ಗಾಜಿನ ಡಬ್ಬಿಗಳ ಸಾಲು, ಎಲ್ಲವೂ ಖಾಲಿ. ನಾಗವೇಣಿ ಚೆನ್ನಾಗಿಯೇ ಶುರುಮಾಡಿ, ಡಬ್ಬಿಗಳ ಹತ್ತಿರ ಬಂದಾಗ ದೇವರ ಮನೆಯ ಕಡೆ ಒಮ್ಮೆ ನೋಡಿ, "ಆಲ್ ಆರ್ ಫುಲ್" ಎಂದುಬಿಟ್ಟಳು. ಪರೀಕ್ಷಕಿಯಾದ ನಾನು ತಿದ್ದಬೇಕಾಗಿತ್ತು. ದೀಪ ಉರಿಯುತ್ತಿದ್ದ ಹೊತ್ತು, ನನಗೂ ಬಾಯಿ ಬರಲಿಲ್ಲ. ಪೂರ್ತಿ ಅಂಕ ಕೊಟ್ಟೆ.

ಮುಖ್ಯವಾದ ಕಂಟಕ ಇನ್ನೂ ದಾಟಿರಲಿಲ್ಲ. ಧೈರ್ಯ ಮಾಡಿ ಒಂದು ಸಂಜೆ ಅವಳ ಮಗನ, ಎಂದರೆ ನನ್ನ ಮೊಮ್ಮಗನ ಫೋಟೋವನ್ನೇ ಹಿಡಿದೆ. ಮೊಸರನ್ನ ಮೂಗಿಗೆಲ್ಲ ಮೆತ್ತಿಕೊಂಡು, ಕೆನ್ನೆ ಊದಿಸಿಕೊಂಡು ನಗುತ್ತಿರುವ ಫೋಟೋ. "ಹೇಳು," ಎಂದೆ. "ನೀವು ಮೊದ್ಲು ಕನ್ನಡದಲ್ಲೇ ಹೇಳಿ ತೋರಿಸಿ ಅತ್ತೆ," ಎಂದಳು. ನಾನು ಫೋಟೋ ನೋಡಿದೆ. ಬಾಯಿ ತೆರೆದೆ. "ಹಿಂದೆ ಒಂದು ಗೋಡೆ ಇದೆ," ಎಂದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗು ನಿಂತ ಮೇಲೆ ಅವಳು ಫೋಟೋವನ್ನೇ ನೋಡುತ್ತ ಕೇಳಿದಳು: "ಎದುರುಮನೆಯವ್ರು ಸೊಸೆ ಹೆಂಗವಳೆ ಅಂದ್ರೆ 'ಏನೋ ಇದ್ದಾಳೆ ಕಣಮ್ಮ' ಅಂತೀರಲ್ಲ ಅತ್ತೆ. ಅದು ದೃಷ್ಟಿಗೆ ಎದ್ರಿ ಅನ್ನೋದಾ, ಇಲ್ಲ ನಿಜಕ್ಕೂ ನಾನು ಅಷ್ಟೇನಾ?"

ಪುಣ್ಯಕ್ಕೆ ಆಗಲೇ ಮೊಬೈಲಿನ ಗಂಟೆ ಬಾರಿಸಿತು. "ಟೈಮ್ ಆಯ್ತು," ಎಂದು ಎದ್ದುಬಿಟ್ಟೆ. ಆದರೆ ಆ ಮಾತು ನನ್ನ ಜೊತೆಗೇ ಎದ್ದು ಅಡಿಗೆಮನೆಗೆ ಬಂತು. ಹಾಳಾಗಬಾರದೆಂದು ಒಳ್ಳೆಯ ಸೀರೆಯನ್ನು ಹಳೆ ಪಂಚೆಯಲ್ಲಿ ಸುತ್ತಿಡುವುದುಂಟು. ಸುತ್ತಿಟ್ಟವರಿಗೆ ಒಳಗೆ ಏನಿದೆ ಎಂದು ಗೊತ್ತು. ಸೀರೆಗೆ ಗೊತ್ತಿರುತ್ತದೆಯೇ?

ಎರಡನೆಯ ಪರೀಕ್ಷೆ ಶಿರಾದಲ್ಲಿ. ಅವಳ ಜೊತೆಗೆ ನಾನೂ ಹೊರಟೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಪರೀಕ್ಷೆಯ ಕಟ್ಟಡದಲ್ಲಿ ಫ್ಯಾನೂ ತಿರುಗುತ್ತಿತ್ತು. ದೇವರು ಕಣ್ಣು ಬಿಟ್ಟಿದ್ದಾನೆ ಎಂದುಕೊಂಡೆ. ಹೊರಗಿನ ಬೆಂಚಿನಲ್ಲಿ ನಮ್ಮ ಪಕ್ಕ ಬುರ್ಖಾ ತೊಟ್ಟ ನನ್ನ ವಯಸ್ಸಿನ ಹೆಂಗಸೊಬ್ಬರು ಮಗಳ ಜೊತೆ ಕೂತಿದ್ದರು. ಹೆಸರು ಜುಬೇದಾ ಎಂದರು. ಮಗಳದೂ ಅದೇ ಪರೀಕ್ಷೆ. ಅಷ್ಟು ಪರಿಚಯವಾದದ್ದೇ ತಡ, ನಾವಿಬ್ಬರೂ ನಮ್ಮ ನಮ್ಮ ಕೆಲಸ ಶುರುಮಾಡಿದೆವು.

"ನಮ್ಮ ಹುಡುಗಿಗೆ ಎಲ್ಲಿ ಬರುತ್ತೆ ಬಿಡಿ, ಸುಮ್ನೆ ಬಂದಿದೀವಿ," ಎಂದರು ಜುಬೇದಾ.

"ನಮ್ಮವಳೂ ಅಷ್ಟೇ ಕಣಮ್ಮ. ಬಸ್ ಚಾರ್ಜು ದಂಡ," ಎಂದೆ ನಾನು.

"ನಿಮ್ಮವ್ರು ಮುಖ ನೋಡಿದ್ರೆ ಹುಷಾರು ಇದ್ದಂಗವ್ರೆ. ನಮ್ದು ಬಾಯೇ ಬಿಡಲ್ಲ."

"ಅಯ್ಯೋ, ಮುಖ ಅಷ್ಟೇ. ಒಳಗೋದ್ರೆ ಇವಳು ಕುರ್ಚಿ ಟೇಬಲ್ಲು ಬಿಟ್ಟು ಮುಂದಕ್ಕೇ ಹೋಗಲ್ಲ."

ಒಬ್ಬರು ಒಂದು ಮೆಟ್ಟಿಲು ಇಳಿಸಿದರೆ ಇನ್ನೊಬ್ಬರು ಎರಡು ಮೆಟ್ಟಿಲು ಇಳಿಸುತ್ತ, ಮಕ್ಕಳ ಮೇಲಿನ ಮಮತೆಯಿಂದಲೇ ಅವರನ್ನು ನೆಲಮಾಳಿಗೆಯ ತನಕ ಕರೆದುಕೊಂಡು ಹೋಗಿದ್ದೆವು. ಆಗ ನನ್ನ ಕಣ್ಣು ನಾಗವೇಣಿಯ ಮೇಲೆ ಬಿತ್ತು. ಇಷ್ಟು ದಿನದ ಅಭ್ಯಾಸದ ಫಲವೋ ಏನೋ, ಫೋಟೋ ನೋಡಿದ ಹಾಗೆಯೇ ನೋಡಿದೆ. ಒಬ್ಬ ಹುಡುಗಿ ಬೆಂಚಿನ ತುದಿಯಲ್ಲಿ ಕೂತಿದ್ದಾಳೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಾಳೆ, ಬಿಚ್ಚುತ್ತಿದ್ದಾಳೆ. ನೆಲ ನೋಡುತ್ತಿದ್ದಾಳೆ. ಅವಳ ಪಕ್ಕ ಒಬ್ಬ ದೊಡ್ಡ ಹೆಂಗಸು ಬಾಯಿ ಬಡಿದುಕೊಳ್ಳುತ್ತಿದ್ದಾಳೆ.

ಒಳಗಿನಿಂದ ನಾಗವೇಣಿಯ ಹೆಸರು ಕೂಗಿದರು. ಅವಳು ಎದ್ದಳು. "ಜುಬೇದಮ್ಮಾ," ಎಂದೆ, ಸೊಸೆಗೆ ಕೇಳಿಸುವ ಹಾಗೆ, "ನಾನು ಹೇಳಿದ್ದು ಸುಳ್ಳು ಕಣಮ್ಮ. ನಮ್ಮ ಹುಡುಗಿ ಬಲು ಚೆನ್ನಾಗಿ ಮಾತಾಡ್ತಾಳೆ. ಎದುರಿಗಿರೋರ ಮನಸ್ಸು ತಿಳ್ಕಂಡು ಮಾತಾಡ್ತಾಳೆ. ಅವಳು ಬಂದಮೇಲೇನೇ ನಮ್ಮನೆ ಮನೆ ಆಗಿದ್ದು." ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ, ಏನಾಗುತ್ತದೋ ಎಂದು ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದೆ. ಅದು ಬೀಳಲಿಲ್ಲ. ನಾಗವೇಣಿ ಬಾಗಿಲಲ್ಲಿ ನಿಂತು, ನನಗೇನೋ ಜ್ವರ ಬಂದಿದೆ ಎನ್ನುವಂತೆ ಒಂದು ಸಲ ತಿರುಗಿ ನೋಡಿ ಒಳಗೆ ಹೋದಳು. ಜುಬೇದಾ ನನ್ನ ಮುಖ ನೋಡಿ ನಕ್ಕರು. "ಎದ್ರಿಕೋಬೇಡಿ. ನಮ್ಮಲ್ಲಿ ಹೊಗಳಿದ್ರೆ ಜೊತೆಗೆ ಮಾಷಾ ಅಲ್ಲಾ ಅಂದ್ಬಿಡ್ತೀವಿ. ದೇವ್ರು ಕೊಟ್ಟಿದ್ದು ಅಂತ ಹೇಳಿದ್ರೆ ಯಾರ ಕಣ್ಣೂ ತಾಕಲ್ಲ. ನಿಮ್ಮ ಸೊಸೆಗೂ ನಾನೇ ಅಂದ್ಬಿಟ್ಟೆ, ತಗಳ್ಳಿ." ಆಮೇಲೆ ಮಗಳ ಕಡೆ ತಿರುಗಿ ಉರ್ದುವಿನಲ್ಲಿ ಏನೋ ಹೇಳಿದರು. ನನಗೆ ಅರ್ಥವಾಗಲಿಲ್ಲ. ಆ ಹುಡುಗಿ ಬಗ್ಗಿಸಿದ್ದ ತಲೆ ಎತ್ತಿ ತಾಯಿಯ ಭುಜಕ್ಕೆ ಒರಗಿದ್ದು ಮಾತ್ರ ಕಂಡಿತು.

ಒಳಗೆ ನಡೆದದ್ದನ್ನು ನಾಗವೇಣಿ ಬಸ್ಸಿನಲ್ಲಿ ಹೇಳಿದಳು. ಈ ಸಲವೂ ಮಗುವೇ ಬಂತಂತೆ. ತೋಟದಲ್ಲಿ ಕೂತು ತಾಯಿಯ ಕೈಯಿಂದ ತುತ್ತು ತಿನ್ನುವ ದುಂಡನೆಯ ಮಗು. "ಕೆನ್ನೆ ಹೇಳ್ದೆ, ಕಾಲಿನ ಮಡಿಕೆ ಹೇಳ್ದೆ, ಬಾಯ್ತುಂಬ ತಿಂತಾ ಐತೆ ಅಂದೆ. ಎಲ್ಲಾ ಹೇಳ್ಬುಟ್ಟೆ ಅತ್ತೆ. ಮುಗಿದ್ಮೇಲೆ ತಡೀಲಾರದೆ ಫೋಟೋ ಮೇಲೆ ಕೈ ನಿವಾಳ್ಸಿ ನೆಟಿಗೆ ಮುರಿದೆ. ಮೇಡಮ್ಮು, ಇದೇನು ಅಂದ್ರು. ಅದನ್ನೂ ಇಂಗ್ಲಿಷ್‌ನಾಗೆ ಹೇಳಕ್ಕೆ ಹೋಗಿ ಇನ್ನೂ ಎರಡು ನಿಮಿಷ ಮಾತಾಡ್ದೆ. ಅವ್ರು ಬರ್ಕಂತಾನೇ ಇದ್ರು." ನಾನು ಅವಳ ಕೈ ಹಿಡಿದುಕೊಂಡೆ. ಮಧುಗಿರಿ ಬೆಟ್ಟ ಕಾಣಿಸುವ ತನಕ ಬಿಡಲಿಲ್ಲ.

ಪಾಸಾದ ಸುದ್ದಿ ಬಂದದ್ದು ಒಂದು ಬೆಳಿಗ್ಗೆ, ಮೊಬೈಲಿಗೆ. ನಾಗವೇಣಿ ಓಡಿ ಬಂದು ಅಡಿಗೆಮನೆಯಲ್ಲಿ ನನ್ನ ಕಾಲು ಮುಟ್ಟಿದಳು. ಸದ್ದು ಕೇಳಿ ಬಂದ ಯಜಮಾನರು ಬಾಗಿಲಲ್ಲೇ ನಿಂತು, "ನಿಮ್ಮತ್ತೆ ಹೇಳಿಕೊಟ್ರೆ ಆಗದೇ ಇರುತ್ತಾ ಬಿಡಮ್ಮ," ಎಂದರು. ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಮದುವೆಯಾದಂದಿನಿಂದ ಅವರು ನನ್ನ ಸಾರಿಗೂ ಇಷ್ಟು ಹೇಳಿದವರಲ್ಲ.

"ಮಾವ, ಒಂದೇ ಮಾತಿಗೆ ನಿಲ್ಸಿದ್ರೆ ಮಾರ್ಕ್ಸಿಲ್ಲ," ಎಂದಳು ನಾಗವೇಣಿ. "ಎರಡು ನಿಮಿಷ ಆಗ್ಬೇಕು. ಅತ್ತೇನ ನೋಡ್ಕಂಡು ಹೇಳಿ."

ಅವರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಕರೆಂಟ್ ಬಿಲ್ಲನ್ನು ನೋಡುವಷ್ಟು ಶ್ರದ್ಧೆಯಿಂದ ನನ್ನನ್ನು ನೋಡಿದರು. ನಾನು ಸೆರಗು ಸರಿಮಾಡಿಕೊಂಡು, ಕಿವಿಯ ಹತ್ತಿರದ ಕೂದಲನ್ನು ಹಿಂದಕ್ಕೆ ಸರಿಸಿ, ನಿಜವಾದ ಫೋಟೋದ ಹಾಗೆಯೇ ಅಲುಗದೆ ನಿಂತೆ.

"ಇದು ಒಂದು ಅಡಿಗೆಮನೆ," ಎಂದು ಶುರುಮಾಡಿದರು. "ನಡುವೆ ಒಬ್ಬ ಹೆಂಗಸು ನಿಂತವಳೆ. ನೀಲಿ ಸೀರೆ ಉಟ್ಟವಳೆ. ಬಲು ಸಂತೋಷವಾಗಿರೋ ಅಂಗೆ ಕಾಣ್ತಾಳೆ." ಅಲ್ಲಿಗೆ ನಿಲ್ಲಿಸಿ, ಕತ್ತು ಚಾಚಿ ಇನ್ನೂ ಗಮನವಿಟ್ಟು ನೋಡಿದರು. ಇನ್ನೇನೋ ಒಳ್ಳೆಯ ಮಾತು ಬರುತ್ತಿದೆ ಎಂದು ನಾನು ಉಸಿರು ಹಿಡಿದು ಕಾದೆ.

"ಅವಳ ಬೆನ್ನ ಹಿಂದೆ ಒಲೆ ಐತೆ," ಎಂದರು. "ಒಲೆ ಮೇಲೆ ಹಾಲೈತೆ. ಹಾಲು ಉಕ್ಕಿ ಆಗ್ಲೇ ನೆಲಕ್ಕೆ ಇಳೀತಾ ಐತೆ."

ಪರೀಕ್ಷಕಿಯಾಗಿ ಹೇಳುವುದಾದರೆ ಪೂರ್ತಿ ಅಂಕ ಕೊಡಲೇಬೇಕು. ಕಂಡದ್ದನ್ನು ಕಂಡ ಹಾಗೆಯೇ ಹೇಳಿದರು. ಮೂವರ ಕಾಫಿಗೆ ಆಗುವಷ್ಟು ಹಾಲು ಪಾತ್ರೆಯಲ್ಲಿ ಉಳಿದಿತ್ತು, ಅದಕ್ಕೆ ಶಿವನಿಗೆ ಕೈಮುಗಿದೆ. ಕಟ್ಟೆ ಒರೆಸುತ್ತ, ನನ್ನ ವರ್ಣನೆ ಅಷ್ಟಕ್ಕೇ ಮುಗಿದಿತ್ತೋ ಅಥವಾ ಹಾಲು ಉಕ್ಕದಿದ್ದರೆ ಇನ್ನೂ ಇತ್ತೋ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಅವರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡಾಗಿತ್ತು.