ಹನ್ನೊಂದು ಮಂದಿಗೆ ನಾನು ಕೊಟ್ಟ ಪಾಸಿಂಗ್ ಪ್ಯಾಕೇಜ್

ಕಲಿಸುವ ಕಲೆ ಒಮ್ಮೆ ಕೈಗೆ ಹತ್ತಿದರೆ ಜಗತ್ತಿನಲ್ಲಿ ಯಾರಿಗೆ ಏನನ್ನು ಬೇಕಾದರೂ ಕಲಿಸಬಹುದು ಎಂಬ ಘನವಾದ ನಂಬಿಕೆ ನನ್ನದಾಗಿತ್ತು. ಹಾನಗಲ್ಲಿನ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ಕನ್ನಡ ಕಲಿಸುತ್ತಿರುವವನು ನಾನು. ಆದೇಶ ಸಂಧಿಯನ್ನೇ ಮಕ್ಕಳ ತಲೆಗೆ ಹತ್ತಿಸಿದವನಿಗೆ ಫುಟ್‌ಬಾಲ್ ಯಾವ ಲೆಕ್ಕ?

ಈ ಫುಟ್‌ಬಾಲ್ ನನ್ನ ಬದುಕಿಗೆ ಬಂದದ್ದು ಗಣಿತದ ದಸ್ತಗೀರ್ ಸರ್ ಅವರಿಂದ. ಸವಣೂರಿನವರು. ಮೊಣಕಾಲು ಉಳುಕಿ ದಸರೆ ರಜೆಯಿಡೀ ಹಾಸಿಗೆ ಹಿಡಿದಾಗ ಫೋನಿನಲ್ಲಿ ಒಂದು ಗೇಮ್ ಕಲಿತರು. ಅದರಲ್ಲಿ ನಾವು ಆಡುವುದಿಲ್ಲ, ಆಡಿಸುತ್ತೇವೆ. ನಾವು ಮ್ಯಾನೇಜರ್. ಆಟಗಾರರನ್ನು ಆರಿಸಿ, ಯಾರಿಗೆ ಯಾವ ತರಬೇತಿ ಎಂದು ಗೊತ್ತುಮಾಡಿದರೆ ಮುಂದಿನದನ್ನು ಫೋನೇ ನೋಡಿಕೊಳ್ಳುತ್ತದೆ. ಪ್ರತಿ ಆಟಗಾರನಿಗೂ ಪ್ರತಿ ವಿದ್ಯೆಯಲ್ಲೂ ಇಪ್ಪತ್ತಕ್ಕೆ ಇಷ್ಟು ಎಂದು ಅಂಕ ಬೇರೆ! ಅಂಕ ಕಂಡ ಮೇಲೆ ಮಾಸ್ತರನಾದವನು ಸುಮ್ಮನಿರುವುದು ಹೇಗೆ?

"ಆರು ವಾರ ತಯಾರಿ ಮಾಡೂಣ್ರಿ ಆಚಾರ್ ಸರ್," ಎಂದರು ದಸ್ತಗೀರ್. "ಆಮ್ಯಾಲೆ ನಿಮ್ಮ ಟೀಮಿಗೂ ನಮ್ಮ ಟೀಮಿಗೂ ಒಂದ ಮ್ಯಾಚ್. ಸೋತಾವ ಗೆದ್ದಾವಗ ವರ್ಷಪೂರ್ತಿ ಎಲ್ಲಾರ ಮುಂದ 'ಉಸ್ತಾದ್' ಅನ್ನಬೇಕು."

"ಆತು. ಈಗಿಂದನ ರೂಢಿ ಮಾಡ್ಕೊಳ್ರಿ," ಎಂದೆ ನಾನು.

ಮೊದಲ ಕೆಲಸವಾಗಿ ನನ್ನ ಆಟಗಾರರಿಗೆ ನಾಮಕರಣ ಮಾಡಿದೆ. ಫೋನು ಕೊಟ್ಟಿದ್ದ ಪರದೇಶಿ ಹೆಸರುಗಳು ನಾಲಿಗೆಗೆ ಹೊರಳುತ್ತಿರಲಿಲ್ಲ. ತರಗತಿಯಲ್ಲಿ ಮಕ್ಕಳನ್ನು ಅವರವರ ಊರಿನ ಹೆಸರಿನಿಂದ ಕೂಗುವುದು ನನ್ನ ಹಳೆಯ ಅಭ್ಯಾಸ. ಹಾಗಾಗಿ ಮುಂದೆ ನಿಂತು ಗೋಲು ಹೊಡೆಯಬೇಕಾದವನು ತಿಳವಳ್ಳಿಯಾದ. ಹಿಂದೆ ಕಾಯುವವನು ಅಬಲೂರ. ಗೋಲ್‌ಕೀಪರ್ ಉದ್ದನೆಯ ಆಳು, ಅವನಿಗೆ ಹೆಸರೂ ಉದ್ದವಿರಲೆಂದು ಹಿರೇಕೆರೂರ ಎಂದಿಟ್ಟೆ.

ಆಮೇಲೆ ತರಬೇತಿಯ ಪುಟ ತೆರೆದೆ. ತೆರೆದವನ ಕಣ್ಣು ತುಂಬಿ ಬಂತು! ಎದುರಿಗೇ ಎರಡು ಪದ: ಪಾಸಿಂಗ್. ಮಾರ್ಕಿಂಗ್.

ನಮ್ಮ ಶಾಲೆಗಳ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು. ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬಂದಾಗ ನಾವು ಮಕ್ಕಳನ್ನು ಎರಡು ಪಾಲು ಮಾಡುತ್ತೇವೆ. ಫೇಲಾಗುವ ಭಯವಿರುವವರಿಗೆ ಮೂವತ್ತೈದು ಅಂಕಕ್ಕೆ ಬೇಕಾದಷ್ಟನ್ನೇ ತಿರುಗಿ ತಿರುಗಿ ಕಲಿಸುತ್ತೇವೆ, ಅದಕ್ಕೆ ಪಾಸಿಂಗ್ ಪ್ಯಾಕೇಜ್ ಎಂದು ಹೆಸರು. ಜಾಣರನ್ನು ಹೆಚ್ಚಿನ ಮಾರ್ಕ್ಸಿಗೆ ತಯಾರು ಮಾಡುತ್ತೇವೆ. ಈ ಗೇಮ್ ಬರೆದವನೂ ಯಾವುದೋ ಊರಿನ ಮಾಸ್ತರನೇ ಇರಬೇಕು ಎಂದುಕೊಂಡೆ. ದಡ್ಡರನ್ನೆಲ್ಲ ಪಾಸಿಂಗಿಗೆ ಹಾಕಿದೆ. ತಿಳವಳ್ಳಿಯಂಥ ಜಾಣರನ್ನು ಮಾರ್ಕಿಂಗಿಗೆ ಹಾಕಿದೆ. ಕೆಲಸ ಮುಗಿಯಿತು!

ಅಲ್ಲೇ ಕೆಳಗೆ ಶೂಟಿಂಗ್ ಎಂದೂ ಇತ್ತು. ಆಟಗಾರರು ಸೋಪು, ಬನಿಯನ್ನುಗಳ ಜಾಹೀರಾತಿಗೆ ಹೋಗುವುದನ್ನು ನಾನು ಟಿವಿಯಲ್ಲಿ ನೋಡಿಲ್ಲವೇ? ಕಲಿಯುವ ವಯಸ್ಸಿನಲ್ಲಿ ಶೂಟಿಂಗಿನ ಹುಚ್ಚು ಹತ್ತಿದರೆ ಹುಡುಗರು ಕೆಟ್ಟರೆಂದೇ ಅರ್ಥ. ಒಬ್ಬನನ್ನೂ ಆ ಕಡೆ ಸುಳಿಯಗೊಡಲಿಲ್ಲ.

ಹಿರೇಕೆರೂರನ ವಿಷಯದಲ್ಲಿ ನನಗೆ ಗೊಂದಲವೇ ಇರಲಿಲ್ಲ. ಪರೀಕ್ಷಾ ಕೊಠಡಿಯ ಮೇಲ್ವಿಚಾರಕನ ಹಾಗೆ ನಿಂತು ನೋಡುತ್ತಿರುವುದಷ್ಟೇ ಅವನ ಕೆಲಸ. ಅದಕ್ಕೇನು ತರಬೇತಿ? ಆರು ವಾರವೂ ಅವನಿಗೆ ವಿಶ್ರಾಂತಿ ದಯಪಾಲಿಸಿದೆ.

"ಏನ್ರಿ, ಮುಂಜಾನಿಂದ ಆ ಫೋನಿನ್ಯಾಗ ಏನ್ ಮಾಡಾಕತ್ತೀರಿ?" ಎಂದು ಹೆಂಡತಿ ಪದ್ಮಾ ಅಡುಗೆಮನೆಯಿಂದ ಕೇಳಿದಳು.

"ಹುಡುಗರನ್ನ ತಯಾರ ಮಾಡಾಕತ್ತೇನಿ."

"ಇವತ್ತ ಏಕಾದಶಿ. ನಿಮ್ಮ ಹುಡುಗರು ಉಪವಾಸನೋ, ಇಲ್ಲಾ ಅವರಿಗೂ ಅವಲಕ್ಕಿ ಹಚ್ಚಲೋ?"

ಅವಳು ಅಂದದ್ದು ಚೇಷ್ಟೆಗೆ. ಆದರೆ ನನ್ನ ಮನಸ್ಸು ಚುರ್ ಎಂದಿತು. ನಾನು ಖಾಲಿ ಹೊಟ್ಟೆಯಲ್ಲಿ ಕುಂತಿದ್ದೇನೆ, ಮಕ್ಕಳನ್ನು ಓಡಿಸುವುದು ಧರ್ಮವೇ? ಅಂದಿನಿಂದ ಏಕಾದಶಿಗೊಮ್ಮೆ ಇಡೀ ತಂಡಕ್ಕೆ ರಜೆ ಘೋಷಿಸಿದೆ.

ಎರಡನೇ ವಾರದಿಂದ ಫೋನಿನೊಳಗಿನ ಸಹಾಯಕ ಕೋಚ್ ಪತ್ರ ಬರೆಯತೊಡಗಿದ. 'ತಿಳವಳ್ಳಿಗೆ ತನ್ನ ತರಬೇತಿ ಸಮಾಧಾನ ತಂದಿಲ್ಲ' ಎಂದು ಮೊದಲನೆಯದು. ಅಭ್ಯಾಸ ಮಾಡುವ ಯಾವ ಹುಡುಗನಿಗೆ ಸಮಾಧಾನವಿರುತ್ತದೆ? 'ತಂಡದಲ್ಲಿ ಗೋಲು ಹೊಡೆಯಬಲ್ಲವರು ಇಲ್ಲವಾಗುತ್ತಿದ್ದಾರೆ' ಎಂದು ಎರಡನೆಯದು. ಇಪ್ಪತ್ತಾರು ವರ್ಷದ ಅನುಭವಿಗೆ ಇವನು ಬುದ್ಧಿ ಹೇಳುವುದೇ? ಮೂರನೆಯ ಪತ್ರ ಬರುವುದರೊಳಗೆ ಅವನನ್ನು ಕೆಲಸದಿಂದ ತೆಗೆದುಹಾಕಿದೆ!

ಅಷ್ಟರಲ್ಲಿ ತಿಳವಳ್ಳಿಯ ಮಾರ್ಕಿಂಗ್ ಆರರಿಂದ ಹದಿನೇಳಕ್ಕೆ ಏರಿತ್ತು. ಹನ್ನೊಂದು ಮಂದಿಗೂ ಪ್ರಗತಿ ಪತ್ರ ಬರೆದು ಪದ್ಮಾಳ ಮುಂದೆ ಹಿಡಿದೆ. ಅವಳು ಕೈಯ ಹಿಟ್ಟು ಒರೆಸಿಕೊಂಡು 'ಪಾಲಕರ ಸಹಿ' ಎಂಬಲ್ಲಿ ಹನ್ನೊಂದು ಸಹಿ ಹಾಕಿದಳು. ಇಂಥ ಹೆಂಡತಿ ಸಿಗಲು ಪುಣ್ಯ ಮಾಡಿರಬೇಕು, ನಿಜವಾಗಿಯೂ.

ಮ್ಯಾಚು ಶನಿವಾರ. ಮುಂಜಾನೆಯ ಶಾಲೆ ಬಿಟ್ಟ ಮೇಲೆ ಸ್ಮಾರ್ಟ್ ಕ್ಲಾಸಿನ ಗೋಡೆಯ ಮೇಲೆ ಪ್ರೊಜೆಕ್ಟರ್ ಹಾಕಿದರು. ಹೆಡ್ ಮೇಡಂ ಸಹಿತ ಇಡೀ ಸ್ಟಾಫು ಹಾಜರು. ದಸ್ತಗೀರ್ ಸರ್ ಸವಣೂರಿನ ಕುರುಕಲು ಖಾರದ ಪೊಟ್ಟಣ ಬಿಚ್ಚಿ ಎಲ್ಲರಿಗೂ ಹಂಚಿದರು. "ನಿಮ್ಮ ತರಬೇತಿ ಹೆಂಗ ನಡಿತ್ರಿ?" ಎಂದೆ. "ನಾನೇನು ಮಾಡಿಲ್ರಿ. ಆಟೋಮ್ಯಾಟಿಕ್ ಅಂತ ಒಂದ ಬಟನ್ ಇತ್ತು, ಒತ್ತಿ ಬಿಟ್ಟೆ," ಎಂದರು. ನನಗೆ ಅವರ ಮೇಲೆ ಕನಿಕರ ಉಕ್ಕಿತು.

ಆಟ ಶುರುವಾಯಿತು. ನಮ್ಮವರ ಕಾಲಿಗೆ ಚೆಂಡು ಬಂತು. ಅಬಲೂರ ಪಕ್ಕದವನಿಗೆ ಕೊಟ್ಟ. ಪಕ್ಕದವನು ಅಬಲೂರನಿಗೆ ಕೊಟ್ಟ. ಅವನು ಇವನಿಗೆ, ಇವನು ಅವನಿಗೆ. ಮದುವೆ ಮನೆಯಲ್ಲಿ ಮುಯ್ಯಿ ತಗೊಳ್ಳಿ, ಬ್ಯಾಡ್ರಿ ಎಂದು ಉಪಚಾರ ಮಾಡಿದ ಹಾಗೆ ಅರ್ಧ ಆಟ ಇದೇ ನಡೆಯಿತು. ಇತ್ತ ತಿಳವಳ್ಳಿ ಚೆಂಡಿನ ಕಡೆ ತಿರುಗಿಯೂ ನೋಡದೆ ದಸ್ತಗೀರರ ಆಟಗಾರನೊಬ್ಬನ ಬೆನ್ನಿಗೆ ಅಂಟಿಕೊಂಡು ನಿಂತಿದ್ದ. ಅವನು ಎಡಕ್ಕೆ ಹೋದರೆ ಇವನೂ ಎಡಕ್ಕೆ. ಅವನು ಬಲಕ್ಕೆ ಹೋದರೆ ಇವನೂ ಬಲಕ್ಕೆ!

ಪಿ.ಟಿ. ಮಾಸ್ತರ ಬಸಣ್ಣನಿಗೆ ತಡೆಯಲಾಗಲಿಲ್ಲ. "ಸರ್, ಗೋಲು ಹೊಡಿಯಾವಗ ಮಾರ್ಕಿಂಗ್ ಯಾಕ ಕಲಿಸೀರಿ?"

"ಮಾರ್ಕ್ಸ್ ಬರ್ಲಿ ಅಂತ."

ಬಸಣ್ಣ ಬಾಯಿಗೆ ಒಯ್ದಿದ್ದ ಖಾರವನ್ನು ಕೆಳಗಿಟ್ಟ.

"ಮಾರ್ಕಿಂಗ್ ಅಂದ್ರ ಎದುರಿನ ಟೀಮಿನಾವನ ಬೆನ್ನ ಬಿಡದಂಗ ಕಾಯೂದ್ರಿ ಸರ್," ಎಂದ ಬಸಣ್ಣ, ಬಹಳ ಮೆತ್ತಗೆ. "ಪಾಸಿಂಗ್ ಅಂದ್ರ ಚೆಂಡ ಇನ್ನೊಬ್ಬರಿಗೆ ಕೊಡೂದು. ಶೂಟಿಂಗ್ ಅಂದ್ರ..."

"ಅದು ಗೊತ್ತೈತಿ," ಎಂದೆ, ಗೊತ್ತಾದದ್ದು ಆ ಕ್ಷಣದಲ್ಲೇ.

ಆದರೂ ಆಟ ಮುಗಿಯಲು ಎರಡೇ ನಿಮಿಷ ಉಳಿದಾಗ ಎರಡೂ ಕಡೆ ಸೊನ್ನೆ. ಸಮ ಆದರೆ ಯಾರೂ ಯಾರಿಗೂ ಉಸ್ತಾದ್ ಅಲ್ಲ. ರಾಯರನ್ನು ನೆನೆದೆ. ಆಗ ಅಬಲೂರನಿಗೆ ಚೆಂಡು ಸಿಕ್ಕಿತು. ಮುಂದೆ ದಾರಿ ಕಾಣದೆ, ಆರು ವಾರದ ಪಾಸಿಂಗ್ ಪ್ಯಾಕೇಜನ್ನೆಲ್ಲ ಸುರಿದು, ಹಿಂದಿದ್ದ ಹಿರೇಕೆರೂರನಿಗೆ ಅಚ್ಚುಕಟ್ಟಾದ ಒಂದು ಪಾಸು ಕೊಟ್ಟ. ಆರು ವಾರ ವಿಶ್ರಾಂತಿ ಪಡೆದಿದ್ದ ಹಿರೇಕೆರೂರ ಮೇಲ್ವಿಚಾರಕನ ಹಾಗೆ ನಿಂತು ನೋಡಿದ. ಚೆಂಡು ಅವನ ಕಾಲಿನ ಸಂದಿಯಿಂದ ಉರುಳಿ ನಮ್ಮದೇ ಬಲೆಯೊಳಗೆ ಹೋಯಿತು!

ಹೆಡ್ ಮೇಡಂ ಚಪ್ಪಾಳೆ ತಟ್ಟಿದರು. "ಆಚಾರ್ ಸರ್, ಗೋಲು ನಿಮ್ಮವರಽ ಹೊಡದ್ರಲ್ಲ, ಅಭಿನಂದನೆ!" ಎಂದರು. ಅದು ಯಾರ ಲೆಕ್ಕಕ್ಕೆ ಹೋಯಿತೆಂದು ಅವರಿಗೆ ತಿಳಿಸಿ ಹೇಳುವ ಕೆಲಸವೂ ನನ್ನ ಪಾಲಿಗೇ ಬಂತು.

ಮನೆಗೆ ಬಂದು ಪದ್ಮಾಳಿಗೆ ಎಲ್ಲವನ್ನೂ ಒಪ್ಪಿಸಿದೆ. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಅಂದ್ರ ಒಬ್ಬರ ಬೆನ್ನ ಹಿಂದ ತಿರುಗಿ ಕಾಯೂದಕ್ಕ ಮಾರ್ಕಿಂಗ್ ಅಂತಾರೇನ್ರಿ? ಲಗ್ನ ಆದಾಗಿಂದ ನಾನು ಅದನ್ನಽ ಮಾಡಾಕತ್ತೇನಿ. ನನಗ ಇಪ್ಪತ್ತಕ್ಕ ಎಷ್ಟ ಹಾಕ್ತೀರಿ?" ಇಪ್ಪತ್ತಕ್ಕೆ ಇಪ್ಪತ್ತು ಹಾಕಿದೆ. ಆ ದಿನ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ. ಸೋತದ್ದಕ್ಕೆ ದುಃಖವೂ ಆಗಲಿಲ್ಲ, ಚಹಾದ ಜೊತೆ ದಸ್ತಗೀರ್ ಸರ್ ಕಟ್ಟಿಕೊಟ್ಟ ಖಾರ ಚೆನ್ನಾಗಿತ್ತು.

ಸೋಮವಾರ ಘಟಕ ಪರೀಕ್ಷೆ. ನನಗೆ ಒಂಬತ್ತನೇ ತರಗತಿಯ ಮೇಲ್ವಿಚಾರಣೆ. ಕೈ ಹಿಂದೆ ಕಟ್ಟಿಕೊಂಡು, ಎರಡು ಸಾಲಿನ ನಡುವೆ ಕಾಲು ಅಗಲಿಸಿ, ಗಂಭೀರವಾಗಿ ನಿಂತಿದ್ದೆ. ಎಲ್ಲವೂ ನನ್ನ ಹತೋಟಿಯಲ್ಲಿತ್ತು. ಕಿಟಕಿಯಾಚೆಯಿಂದ ದಸ್ತಗೀರ್ ಸರ್ ಧ್ವನಿ ಕೇಳಿತು.

"ಏ ಹಿರೇಕೆರೂರ! ಕೆಳಗ ನೋಡ್ರಿ!"

ನೋಡಿದೆ. ಹಿಂದಿನ ಬೆಂಚಿನಿಂದ ಉಂಡೆ ಮಾಡಿ ಎಸೆದ ಉತ್ತರದ ಚೀಟಿಯೊಂದು ನನ್ನ ಎರಡೂ ಕಾಲಿನ ಸಂದಿಯಿಂದ ಉರುಳಿ ಮುಂದಿನ ಬೆಂಚು ಮುಟ್ಟಿತ್ತು. ಅಚ್ಚುಕಟ್ಟಾದ ಪಾಸು!

"ನೋಡಿದ್ನಿ, ಉಸ್ತಾದ್," ಎಂದೆ.