ಚಲಪತಿಯ ಹಗುರ ಲ್ಯಾಪ್‌ಟಾಪು

ಬಂಗಾರಪೇಟೆಯ ಚಲಪತಿಯ ಬಲಭುಜ ಎಡಭುಜಕ್ಕಿಂತ ಕೆಳಗಿಳಿದಿದೆಯೆಂದು ಮೊದಲು ಕಂಡುಹಿಡಿದವಳು ಹೆಂಡತಿ ಅಂಬಿಕ. ಕಾರಣ, ಬೀಸುಕಲ್ಲಿನಂಥ ಅವನ ಹಳೆಯ ಲ್ಯಾಪ್‌ಟಾಪು. ಬೆಳಗಿನ ರೈಲಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬೆಂಗಳೂರು ಬರುವತನಕ ಅವನು ಸಾಫ್ಟ್‌ವೇರ್ ಬರೆಯುತ್ತಿದ್ದ. ಅಷ್ಟು ಕೆಲಸ ದಾರಿಯಲ್ಲೇ ಮುಗಿದರೆ ಮಾತ್ರ ಸಂಜೆಯ ರೈಲು ಸಿಗುತ್ತಿತ್ತು. ಪುಟ್ಟ ಮಗಳು ಲಿಖಿತ ನಿದ್ದೆಗೆ ಜಾರುವ ಮುನ್ನ ಅವಳಿಗೊಂದು ಕತೆ ಹೇಳಲು ಆಗುತ್ತಿತ್ತು.

"ಅಗುರವಾದದ್ದು ಒಂದು ತಗೊಳ್ರೀ, ಬುಜ ಕಳಚಿ ಬೀಳೋಕ್ ಮುಂಚೆ," ಎಂದಳು ಅಂಬಿಕ.

ಭಾನುವಾರ ಅಂಗಡಿಗೆ ಹೊರಟವನಿಗೆ, ತರಕಾರಿ ಮಾರುವ ಎದುರುಮನೆಯ ಅಮ್ಮಾಜಮ್ಮ ಕರೆಯದೆಯೇ ಜೊತೆಯಾದಳು. ಅಂಗಡಿಯ ಕಾಂತರಾಜ್ ಮೆಮೊರಿ, ಪ್ರೊಸೆಸರ್, ಬ್ಯಾಟರಿ ಎಂದು ಸಹಸ್ರನಾಮ ಪಠಿಸುತ್ತಿದ್ದರೆ, ಆಕೆ ಒಂದೊಂದು ಲ್ಯಾಪ್‌ಟಾಪನ್ನೂ ಅಂಗೈಯಲ್ಲಿ ತೂಗಿ ನೋಡುತ್ತಿದ್ದಳು.

"ಇದು ಬ್ಯಾಡ ಕಣಪ್ಪಾ, ಕುಂಬಳಕಾಯಿ ಬಾರ ಐತೆ."

"ಅಮ್ಮಾ, ಅದು ತರಕಾರಿಯಲ್ಲ!" ಎಂದ ಕಾಂತರಾಜ್.

"ತರಕಾರಿ ಆಗಿದ್ರೆ ಉಳ ಐತಾ ಅಂತ ಮುರಿದು ನೋಡ್ತಿದ್ದೆ. ಇದನ್ನ ಮುರಿಯಾಕೆ ಬಿಡ್ತೀಯಾ?"

ಕಾಂತರಾಜ್ ಲ್ಯಾಪ್‌ಟಾಪನ್ನು ಎಳೆಗೂಸಿನಂತೆ ಎದೆಗವಚಿಕೊಂಡ. ಅಗ್ಗವಾದದ್ದೆಲ್ಲ ಭಾರ, ಹಗುರವಾದದ್ದೆಲ್ಲ ದುಬಾರಿ. ಕೊನೆಗೆ, ನೋಡುವವರಿಗೆಂದೇ ತೆರೆದಿಟ್ಟು ಒಂದಿಷ್ಟು ಮಾಸಿದ್ದ, ಒಣಗಿದ ಮುತ್ತುಗದೆಲೆಯಷ್ಟು ಹಗುರವಾದ ಲ್ಯಾಪ್‌ಟಾಪೊಂದು ಚಲಪತಿಯ ಕೈಗೆಟುಕುವ ಬೆಲೆಗೆ ಸಿಕ್ಕಿತು. ಮನೆಗೆ ಮರಳುವಾಗ ಅವನ ನಡಿಗೆಯಲ್ಲಿ ಮರೆತುಹೋಗಿದ್ದ ಪ್ರಾಯವೊಂದು ಸುಳಿದಾಡಿತು.

ಮರುದಿನ ರೈಲು ಎಂದಿನಂತೆ ಕೆ.ಜಿ.ಎಫ್. ಕಡೆಯಿಂದಲೇ ತುಂಬಿಕೊಂಡು ಬಂತು. ಹಿಂದಿನ ನಿಲ್ದಾಣ ಊರಿಗಾಂನಲ್ಲೇ ಹತ್ತಿ ಕೂತಿದ್ದ, ದಿನನಿತ್ಯದ ಸಹಪ್ರಯಾಣಿಕ ಬಚ್ಚಪ್ಪ ತಮ್ಮ ಜಾಗದಿಂದಲೇ ಕೈ ಚಾಚಿದರು.

"ಒಸಾದಾ? ತತ್ತಾ, ನೋಡಾನ!"

ಲ್ಯಾಪ್‌ಟಾಪಿನ ಚೀಲ ಕೈಯಿಂದ ಕೈಗೆ, ತೊಡೆಯಿಂದ ತೊಡೆಗೆ ಸುತ್ತಿತು.

"ಒಳಗೆ ಮಿಷನ್ ಐತೋ, ಬರೀ ಚೀಲ ತಂದವ್ನೋ?" ಎಂದು ಯಾರೋ ಕೇಳಿದರು, ಇಡೀ ಬೋಗಿಯೇ ನಕ್ಕಿತು. ಸುತ್ತಿಬಂದ ಚೀಲವನ್ನು ಬಚ್ಚಪ್ಪ ತಮ್ಮ ಊಟದ ಕ್ಯಾರಿಯರ್ ಮೇಲೆ ಇರಿಸಿಕೊಂಡರು.

ಚಲಪತಿ ಹೆಮ್ಮೆಯಿಂದ, "ಒಸಿ ಸರ್ಕೊಳ್ಳಿ ಬಚ್ಚಪ್ಪಣ್ಣ. ಕೂತು ಕೆಲ್ಸ ಮಾಡ್ಬೇಕು," ಎಂದ.

"ಯಾಕ್ಲಾ ಸರ್ಕೊಳ್ಳೋದು? ನಿಂತೋರ ಚೀಲ ಕೂತೋರು ಇಟ್ಕೊಳ್ಳೋದು ನಮ್ ರೈಲಿನ ಪದ್ಧತಿ. ನಿನ್ ಅಳೇ ಗುಂಡುಕಲ್ಲು ಇಟ್ಕೊಂಡ್ರೆ ಕಾಲು ಮರಗಟ್ಟೋದು. ಅದ್ಕೇ ಎಲ್ಲಾ ಇಕ್ಕಟ್ಟು ಮಾಡ್ಕೊಂಡು ನಿನ್ನೇ ಕೂರಿಸ್ತಿದ್ವಿ. ಈಗ ಆ ತಾಪತ್ರಯ ಇಲ್ಲ. ಆರಾಮಾಗಿ ನಿಂತ್ಕೊ!"

ಚಲಪತಿ ಸುತ್ತ ನೋಡಿದ. ಎಲ್ಲರೂ ಹೌದೆಂದು ತಲೆಯಾಡಿಸುತ್ತಿದ್ದರು. ರೈಲು ಊರು ದಾಟುವ ಹೊತ್ತಿಗೆ ಬಚ್ಚಪ್ಪ ಆ ಹಗುರ ಲ್ಯಾಪ್‌ಟಾಪನ್ನು ತಬ್ಬಿಕೊಂಡು ಗೊರಕೆ ಹೊಡೆಯತೊಡಗಿದ್ದರು.

ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದರಲ್ಲಿ ಚಲಪತಿ ಮನೆಗೆ ಫೋನ್ ಮಾಡಿದ. "ಅಂಬಿಕಾ, ಇವತ್ತು ಲಿಖಿತಂಗೆ ಕತೆ ನೀನೇ ಏಳಿ ಮಲಗಿಸ್ಬಿಡು."