ನನ್ನ ಹೆಂಡತಿ ನನ್ನನ್ನು ಕೆಲಸದಿಂದ ತೆಗೆದದ್ದು

ಹೆಂಡತಿಯ ಕೈಕೆಳಗೆ ದುಡಿಯದ ಗಂಡ ಲೋಕದಲ್ಲಿ ಯಾರಿದ್ದಾನೆ? ಆದರೆ ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡು ದುಡಿದು, ಅವಳಿಂದಲೇ ಕೆಲಸ ಕಳೆದುಕೊಂಡವನು ನಮ್ಮ ನರಿಕೊಂಬಿನಲ್ಲಿ ನಾನೊಬ್ಬನೇ ಇರಬೇಕು.

ವಸಂತಿ ಮೂಡುಬಿದಿರೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದವಳು. ಗಣಿತದ ಮೇಷ್ಟ್ರಾಗಿದ್ದ ನಾನು ನಿವೃತ್ತನಾಗಿ, ಇನ್ನು ಮಧ್ಯಾಹ್ನದ ನಿದ್ದೆಯೇ ಸುಖ ಎಂದು ಚಾಪೆ ಬಿಡಿಸುವ ಹೊತ್ತಿಗೆ ಅವಳು ಕೆಲಸ ಬಿಟ್ಟು ಬಿ.ಸಿ.ರೋಡಿನ ಬೇಕರಿಯ ಮೇಲಿನ ಕೋಣೆಯಲ್ಲಿ ಕಂಪೆನಿ ತೆರೆದಳು. ಫೋನಿಗೆ ತುಳುವಿನಲ್ಲಿ ಏನಾದರೂ ಕೇಳಿದರೆ ತುಳುವಿನಲ್ಲೇ ಉತ್ತರ ಹೇಳುವ ಆ್ಯಪ್ ಅವಳದು. ಓದಲು ಕಷ್ಟಪಡುವವರಿಗೆಂದು ಮಾಡಿದ್ದು. "ಲೋಕವನ್ನೇ ಆಳುವ ಕಂಪೆನಿಗಳ ಎದುರು ನೀನು ನಿಲ್ಲಲಿಕ್ಕುಂಟಾ?" ಎಂದೆ. "ಎಕ್ಸ್‌ಪ್ರೆಸ್ ಬಸ್ಸು ನಿಲ್ಲದ ಕಡೆಯಲ್ಲೇ ಅಲ್ವಾ ಮಾರಾಯ್ರೆ, ರಿಕ್ಷಾದವರಿಗೆ ಬಾಡಿಗೆ ಸಿಗುದು?" ಎಂದಳು. ವ್ಯಾಪಾರತಂತ್ರದ ದಪ್ಪ ಪುಸ್ತಕಗಳಲ್ಲಿ ಇದಕ್ಕೇನೋ ದೊಡ್ಡ ಹೆಸರಿದೆಯಂತೆ.

ಆ್ಯಪಿಗೊಂದು ಧ್ವನಿ ಬೇಕಿತ್ತು. ನಾನು ಮನೆಯಲ್ಲೇ ಬಿದ್ದಿದ್ದೆ. ಕೋಣೆಯ ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ, ಬೆವರಿಳಿಸುತ್ತ ವಾರಗಟ್ಟಲೆ ತುಳು ವಾಕ್ಯಗಳನ್ನು ಓದಿ ಧ್ವನಿಮುದ್ರಿಸಿದೆ. ಇನ್ನು ಈ ಕಂಠ ಜಗತ್ತಿಗೇ ಕೇಳಲಿದೆಯೆಂದು ಬಸ್ಸಿನಲ್ಲಿ ಸಿಕ್ಕಿದವರಿಗೆಲ್ಲ ಹೇಳಿಕೊಂಡೂ ಬಂದೆ.

ಅಷ್ಟರಲ್ಲಿ ಸಿಂಗಾಪುರದ ಕಂಪೆನಿಯೊಂದು ಜೊತೆ ಸೇರಲು ಆಸಕ್ತಿ ತೋರಿಸಿತು. ಮೊದಲು ಬಳಸುವವರ ಅಭಿಪ್ರಾಯ ಬೇಕೆಂದಿತು. ವಸಂತಿ ಬೆಳ್ತಂಗಡಿ ಕಡೆಗೆ ಹೋಗಿ ಕೆಲವರ ಕೈಗೆ ಫೋನು ಕೊಟ್ಟು ನೋಡಿ ಬಂದಳು. ಮರುದಿನ, ವಾರದ ನಡುವೆ, ನೀರುದೋಸೆ, ಕೋಳಿ ಸಾರು ಮಾಡಿದಳು. ಬಡಿಸುವಾಗ ನನ್ನ ಮುಖ ನೋಡಲಿಲ್ಲ, ಬಟ್ಟಲನ್ನಷ್ಟೇ ನೋಡಿದಳು.

"ಏನಾಯ್ತು, ಹೇಳು" ಎಂದೆ.

"ನಿಮ್ಮ ಸ್ವರ ಕೇಳಿ ಒಬ್ಬರು ಅಜ್ಜ ಎದ್ದು ಕೈಕಟ್ಟಿ ನಿಂತ್ರು. ಬಸ್ಸಿನ ಸಮಯ ಕೇಳಿದ ಹೆಂಗಸೊಬ್ಬರು 'ಇನ್ನು ಕೇಳುದಿಲ್ಲ ಸರ್' ಅಂತ ಫೋನನ್ನೇ ಕೆಳಗಿಟ್ರು." ಅವಳು ಬಟ್ಟಲಿಗೆ ಇನ್ನೊಂದು ದೋಸೆ ಹಾಕಿದಳು. "ಅಷ್ಟು ಕಷ್ಟಪಟ್ಟು ಓದಿದ್ದೀರಿ. ನಾನು ಹೇಗೆ ಹೇಳುದು?"

ನನಗೆ ಬೇಸರವಾಗಲಿಲ್ಲವೆಂದರೆ ಸುಳ್ಳು. ಆದರೆ ಕೆಲಸದಿಂದ ತೆಗೆಯುವ ಮೊದಲು ಬೆಳಗ್ಗೆ ಎದ್ದು ಅಕ್ಕಿ ರುಬ್ಬುವ ಮಾಲೀಕರು ಎಷ್ಟು ಕಂಪೆನಿಗಳಲ್ಲಿದ್ದಾರೆ? ಊಟಕ್ಕೂ ತೆಗೆಯದ ಗುರುತಿನ ಚೀಟಿಯನ್ನು ಕುತ್ತಿಗೆಯಿಂದ ತೆಗೆದು ಅವಳ ಮುಂದಿಟ್ಟೆ.

"ನಿನ್ನ ಸ್ವರವನ್ನೇ ಹಾಕು. ಅದಕ್ಕೆ ಹೆದರುವವ ನಾನೊಬ್ಬನೇ" ಎಂದೆ. ಅವಳು ನಗುತ್ತಲೇ ಕಣ್ಣೊರೆಸಿಕೊಂಡಳು.

ಸಿಂಗಾಪುರದವರು ಒಪ್ಪಿದರು. ಈಗ ಪ್ರಶ್ನೆ ಅರ್ಥವಾಗದಿದ್ದರೆ ಆ್ಯಪ್ ವಸಂತಿಯ ಸ್ವರದಲ್ಲಿ, "ಎನ್ನ ತಪ್ಪಾಂಡ್, ನನೊರ ಪನ್ಲೆ" ಎನ್ನುತ್ತದೆ. ನನ್ನದು ತಪ್ಪಾಯಿತು, ಇನ್ನೊಮ್ಮೆ ಹೇಳಿ ಎಂದು. ಮದುವೆಯಾದಾಗಿನಿಂದ ಆ ಬಾಯಲ್ಲಿ ನಾನು ಕೇಳದ ಮಾತು! ಅವಳು ಕಂಪೆನಿಗೆ ಹೊರಟ ಮೇಲೆ ನಾನು ಫೋನು ಹಿಡಿದು ಬೇಕೆಂದೇ ಬಾಯೊಳಗೆ ಏನೇನೋ ಗೊಣಗುತ್ತೇನೆ.

ಮೊನ್ನೆ ವಸಂತಿ ಚಿಂತೆಯಿಂದ ಹೇಳಿದಳು: "ನಮ್ಮ ನರಿಕೊಂಬಿನಲ್ಲೇ ಯಾರದೋ ಮಾತು ಆ್ಯಪಿಗೆ ಅರ್ಥವೇ ಆಗುದಿಲ್ಲ, ಪಾಪ. ಅದನ್ನು ಬೇಗ ಸರಿ ಮಾಡ್ಬೇಕು."

"ಅವಸರ ಏನುಂಟು?" ಎಂದೆ. "ನಿಧಾನ ಮಾಡುವ."